ನೀರ್ಚಾಲಿನ ಪತ್ರೊಡೆ, ಬೇಕಲದವರೆಗೆ

ಮಳೆ ಸ್ವಲ್ಪ ಬಿಟ್ಟಿತ್ತು ಅಂತ ಕಾಸರಗೋಡು ಕಡೆ ಹೋಗಿದ್ದೆ, ನೀರ್ಚಾಲಲ್ಲಿ ಅಕ್ಕನ ಮನೆ, ಭಾವ ಹೈಸ್ಕೂಲಲ್ಲಿ ಬಯಾಲಜಿ ಮಾಷ್ಟ್ರು. ಬೆಳಿಗ್ಗೆ ಎಂಟಕ್ಕೇ ಅಕ್ಕ ಪತ್ರೊಡೆ ಬಡಿಸಿದ್ಲು. ಬೆಳ್ತಿಗೆ ಅಕ್ಕಿ, ಹುಳಿ, ಮೆಣಸು ಹಾಕಿ ಕಡೆದ ಹಿಟ್ಟನ್ನ ಕೆಸುವಿನ ಎಲೆಗೆ ಸವರಿ, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು, ಬಿಸಿ ಇರುವಾಗ್ಲೇ ಮೇಲಿಂದ ತೆಂಗಿನೆಣ್ಣೆ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಚೂಪು ಹರಳು ಉಂಟು, ಗಂಟಲು ತುರಿಸೋದು ಅದ್ರಿಂದ್ಲೇ, ಹುಳಿ ಬಿದ್ದು ಚೆನ್ನಾಗಿ ಬೆಂದ್ರೆ ತೊಂದ್ರೆ ಇಲ್ಲ.

"ನಿಧಾನ ಅಗಿ ಮಾರಾಯ, ಹೊಟ್ಟೆಯಲ್ಲಿ ಹಲ್ಲಿಲ್ಲ" ಅಂದ್ರು ಭಾವ. ಅಗಿದೆ. ಜೊಲ್ಲಿನಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಅಕ್ಕಿಯ ಪಿಷ್ಟವನ್ನ ಬಾಯಲ್ಲೇ ಒಡೆಯೋಕೆ ಸುರು ಮಾಡ್ತದೆ, ಸ್ವಲ್ಪ ಹೊತ್ತಲ್ಲಿ ಹುಳಿ ಖಾರದ ಅಡಿಯಿಂದ ಒಂದು ತೆಳು ಸಿಹಿ ಬಂತು. ನುಂಗಿದ ಮೇಲೆ ಸುಮಾರು 25 ಸೆಂಟಿಮೀಟರ್ ಅನ್ನನಾಳ, ಅದು ಹತ್ತು ಸೆಕೆಂಡಿನ ದಾರಿ ಅಷ್ಟೆ.

ಮಧೂರು ದೇವಸ್ಥಾನಕ್ಕೆ ಮುಟ್ಟುವಾಗ ಹತ್ತು ಗಂಟೆ. ಮೂಲದೇವರು ಶಿವ, ಆದ್ರೂ ಜನ ಬರೋದು ಗಣಪತಿಗೆ, ಅಪ್ಪ ಅನ್ನೋ ಸಿಹಿ ತಿಂಡಿಯ ಪ್ರಸಾದಕ್ಕೆ. ಪತ್ರೊಡೆ ಆಗ ಜಠರದಲ್ಲೇ ಇತ್ತು, ಹೈಡ್ರೋಕ್ಲೋರಿಕ್ ಆಸಿಡ್ ಜೊತೆ ನಿಮಿಷಕ್ಕೆ ಮೂರು ಸಲದ ಹಾಗೆ ಕಡೆಸಿಕೊಳ್ತಾ, ಎಣ್ಣೆ ಇರೋದ್ರಿಂದ ಹೊರಗೆ ಬರೋದು ಇನ್ನೂ ತಡ. ಇದೆಲ್ಲ ಕಂಡುಹಿಡಿದದ್ದು ಹೇಗೆ ಅಂತ ಕೇಳಿದೆ. ಮಧುವಾಹಿನಿ ಹೊಳೆ ಹತ್ರ ನಿಂತು ಭಾವ ಹೇಳಿದ ಕಥೆ ನನಗೆ ಇಡೀ ದಿನ ತಲೆಯಿಂದ ಹೋಗ್ಲಿಲ್ಲ: 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋ ಕೂಲಿ ಹುಡುಗನಿಗೆ ಗುಂಡು ತಗಲಿ ಹೊಟ್ಟೆಯಲ್ಲಿ ತೂತಾಯ್ತು, ಬದುಕಿದ ಆದ್ರೆ ತೂತು ಮುಚ್ಚಲೇ ಇಲ್ಲ, ವಿಲಿಯಂ ಬೋಮಾಂಟ್ ಅನ್ನೋ ಡಾಕ್ಟ್ರು ಮಾಂಸ, ಬ್ರೆಡ್ಡು, ಕ್ಯಾಬೇಜಿನ ತುಂಡುಗಳನ್ನ ರೇಷ್ಮೆ ದಾರಕ್ಕೆ ಕಟ್ಟಿ ಒಳಗೆ ಇಳಿಸಿ, ಆಗಾಗ ಎಳೆದು ಎಷ್ಟು ಕರಗಿತು ಅಂತ ನೋಡ್ತಿದ್ರಂತೆ. 1833ರಲ್ಲಿ ಪುಸ್ತಕ ಬಂತು. ಹೆಸರು ಡಾಕ್ಟ್ರಿಗೆ ಬಂತು, ನೋವು ತಿಂದದ್ದು ಆ ಹುಡುಗ, ನಮ್ಮ ಪಾಠಪುಸ್ತಕಗಳಲ್ಲಿ ಅವನ ಹೆಸರೂ ಬರಬೇಕು.

ಬೇಕಲ ಕೋಟೆಗೆ ಹೋಗುವಾಗ ಮಧ್ಯಾಹ್ನ ದಾಟಿತ್ತು. ಕೆಳದಿ ಶಿವಪ್ಪ ನಾಯಕನ ಕಾಲದ್ದು, 1650ರ ಹೊತ್ತಿಗೆ ಕಟ್ಟಿದ್ದು, ಕೆಂಪು ಕಲ್ಲಿನ ಬುರುಜಿಗೆ ಸಮುದ್ರದ ಗಾಳಿ ಹೊಡೀತಾ ಇರ್ತದೆ. ಅಷ್ಟೊತ್ತಿಗೆ ತಿಂಡಿ ಸಣ್ಣ ಕರುಳಲ್ಲಿ, ಪಿತ್ತರಸ ಬಂದು ತೆಂಗಿನೆಣ್ಣೆಯನ್ನ ಸಣ್ಣ ಸಣ್ಣ ಹನಿ ಮಾಡ್ತದೆ, ಮೇದೋಜೀರಕ ಗ್ರಂಥಿಯ ರಸ ಹುಳಿಯನ್ನ ಇಳಿಸಿ ಉಳಿದ ಪಿಷ್ಟ ಒಡೀತದೆ. ಆರು ಮೀಟರ್ ಉದ್ದದ ಆ ಕೊಳವೆಯ ಒಳಗೋಡೆಯಲ್ಲಿ ವಿಲ್ಲೈ ಅನ್ನೋ ಬೆರಳಿನಂಥ ಎಳೆಗಳು, ರಕ್ತಕ್ಕೆ ಸೇರೋದು ಅಲ್ಲಿಂದ. ತಿಂದದ್ದು ನಿಜವಾಗಿ ನಮ್ಮದಾಗೋದು ಇಲ್ಲೇ, ನಾಲಗೆಯಲ್ಲಿ ಅಲ್ಲ.

ಸಂಜೆ ಕಾಸರಗೋಡು ಸ್ಟೇಷನ್ನಲ್ಲಿ ಮಂಗಳೂರಿನ ಗಾಡಿಗೆ ಕಾಯ್ತಾ ಕೂತಾಗ ಕೇಳಿದೆ, "ಭಾವ, ಈಗ ಎಲ್ಲಿ ಮುಟ್ಟಿರ್ಬಹುದು?"

"ಕೆಸುವಿನ ನಾರು ಈಗಷ್ಟೇ ದೊಡ್ಡ ಕರುಳಿಗೆ ಹೋಗ್ತಿರ್ಬಹುದು, ಇನ್ನು ಒಂದು ದಿನವೂ ಆಗ್ಬಹುದು, ಎರಡೂ ಆಗ್ಬಹುದು" ಅಂದ್ರು. ನಮಗೆ ಕರಗಿಸೋಕೆ ಬಾರದ ಆ ನಾರನ್ನ ಅಲ್ಲಿನ ಬ್ಯಾಕ್ಟೀರಿಯಾ ಹುಳಿಸಿ ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲ ಮಾಡ್ತವಂತೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಊಟವೇ ಅದು.