ಯಾರೂ ಬಿಡಿಸದ ಹಾಳೆಗಳು

ನವೆಂಬರ್ 16, 2025, ಭಾನುವಾರ

ಮಗಳಿಗೆ ಪಿಯುಸಿ ಗೈಡ್ ಬೇಕಿತ್ತು ಅಂತ ಬೆಳಿಗ್ಗೆ ಅವೆನ್ಯೂ ರಸ್ತೆಗೆ ಹೋದೆ. ಗೈಡ್ ಸಿಗಲಿಲ್ಲ. ಫುಟ್‌ಪಾತ್ ರಾಶಿಯಲ್ಲಿ ‘ಪ್ರಬುದ್ಧ ಕರ್ಣಾಟಕ’ ಅನ್ನುವ ಕನ್ನಡ ಸಾಹಿತ್ಯ ಪತ್ರಿಕೆಯ ಹಳೆಯ ಸಂಚಿಕೆಯೊಂದು ಸಿಕ್ಕಿತು. ಎಪ್ಪತ್ತರ ದಶಕದ್ದು. ರಟ್ಟಿನ ಬಣ್ಣ ಹೋಗಿದೆ, ಹೊಲಿಗೆ ಮಾತ್ರ ಗಟ್ಟಿಯಾಗಿದೆ. 40 ರೂಪಾಯಿ ಅಂದರು. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಮೈಸೂರು ಬ್ಯಾಂಕ್ ಸರ್ಕಲ್ ದಾಟಿ ಮೆಟ್ರೊ ಕಡೆ ನಡೆದೆ. ಎದುರಿಗೆ ಸೆಂಟ್ರಲ್ ಕಾಲೇಜು. ಈ ಪತ್ರಿಕೆ ಅಂದರೆ ಎಲ್ಲರಿಗೂ ಮೈಸೂರು ವಿಶ್ವವಿದ್ಯಾನಿಲಯ ನೆನಪಾಗುತ್ತದೆ, ಅಲ್ವಾ? ಆದರೆ ಅದು ಹುಟ್ಟಿದ್ದು ಇಲ್ಲೇ, ಈ ಕಾಲೇಜಿನ ಕರ್ಣಾಟಕ ಸಂಘದಲ್ಲಿ, 1919ರಲ್ಲಿ. ಶುರು ಮಾಡಿದವರು ಎ.ಆರ್. ಕೃಷ್ಣಶಾಸ್ತ್ರಿಗಳು. ಆಗ ಅವರಿಗೆ ಬರೀ 29 ವರ್ಷ! ಕ್ಲಾಸಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಕಾಲ. ಓದಿದವರು ಕನ್ನಡದಲ್ಲಿ ಬರೆಯುವುದೇ ಅಪರೂಪ. ಅಂಥ ಹೊತ್ತಿನಲ್ಲಿ ಬರೆಯುವವರನ್ನು ಹುಡುಕಿ, ಬರೆಸಿ, ತಿದ್ದಿ, ಅಚ್ಚು ಹಾಕಿಸುವುದು ಸುಮ್ನೆ ಮಾತಲ್ಲ. ಅವರನ್ನು ಕನ್ನಡದ ಸೇನಾನಿ ಅನ್ನುವುದು ಇದಕ್ಕೇ ಇರಬೇಕು. ಆಮೇಲೆ ವಿಶ್ವವಿದ್ಯಾನಿಲಯವೇ ಅದನ್ನು ನಡೆಸಿತು.

ಮನೆಗೆ ಬಂದು ತೆರೆದೆ. ಹಲವು ಹಾಳೆಗಳ ಮೇಲಂಚು ಇನ್ನೂ ಅಂಟಿಕೊಂಡೇ ಇದೆ. ಬೈಂಡಿಂಗ್ ಆದಾಗ ಕತ್ತರಿಸದೆ ಉಳಿದ ಮಡಿಕೆಗಳು. ಅಂದರೆ ಈ ಪ್ರತಿಯನ್ನು ಇಷ್ಟು ವರ್ಷ ಒಬ್ಬರೂ ಪೂರ್ತಿ ಓದಿಲ್ಲ. ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು.

ಮಗಳ ಸ್ಟೀಲ್ ಸ್ಕೇಲ್ ತಗೊಂಡು ಒಂದೊಂದೇ ಹಾಳೆ ಬಿಡಿಸಿದೆ. ಒಳಗೆ ಶಾಸನಗಳ ಬಗ್ಗೆ ಉದ್ದನೆಯ ಲೇಖನ. ಕಲ್ಲಿನ ಒಂದು ಸಾಲಿನಲ್ಲಿ ಒಂದೇ ಒಂದು ಅಕ್ಷರ ಸವೆದಿದೆ. ಅದು ಯಾವ ಅಕ್ಷರ ಇರಬಹುದು ಅಂತ ಎರಡು ಪುಟ ಚರ್ಚೆ, ಕೆಳಗೆ ಅಡಿಟಿಪ್ಪಣಿ. ಮಾರಾಟದ ಲೆಕ್ಕ ನೋಡುವ ಪತ್ರಿಕೆ ಒಂದು ಅಕ್ಷರಕ್ಕೆ ಎರಡು ಪುಟ ಕೊಡುತ್ತದೆಯೇ? ವಿಶ್ವವಿದ್ಯಾನಿಲಯದ ಪತ್ರಿಕೆ ಬೇಕಾಗುವುದೇ ಇಂಥದ್ದಕ್ಕೆ. ಓದುಗರು ಹತ್ತೇ ಜನ ಇದ್ದರೂ ಪುಟ ಕಡಿಮೆ ಮಾಡಬಾರದು. ಅದಕ್ಕೆ ಸರ್ಕಾರದ ದುಡ್ಡು ಹೋದರೆ ನನಗೆ ಸಂತೋಷವೇ.

ಮಗಳು ಬಂದು ಪಕ್ಕ ಕೂತಳು. ‘ಕೊನೆಗೆ ಯಾವ ಅಕ್ಷರ ಅಂತ ಗೊತ್ತಾಯ್ತಾ?’ ಅಂತ ಕೇಳಿದಳು.

ಆ ಹಾಳೆಯನ್ನು ಇನ್ನೂ ಬಿಡಿಸಿರಲಿಲ್ಲ. ಸ್ಕೇಲನ್ನು ಅವಳ ಕೈಗೆ ಕೊಟ್ಟೆ.