ಹೊಸ ಬೋರ್ಡು, ಹಳೆಯ ನ್ಯೂಟ್ರಲ್: ಶಾಲಾ ಆವರಣದ ನಿರ್ವಹಣೆಯಲ್ಲಿ ನಾನು ಕಲಿತದ್ದು

ತುಮಕೂರಿನ ಹೊರವಲಯದ ಒಂದು ಖಾಸಗಿ ಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಆವರಣದ ನಿರ್ವಹಣೆಯ ಹೊಣೆ ನನ್ನದು. ಪಾಠ ಮತ್ತು ಪರೀಕ್ಷೆಗಳನ್ನು ಬಿಟ್ಟು ಮಿಕ್ಕದ್ದೆಲ್ಲ, ಅಂದರೆ ನೀರು, ವಿದ್ಯುತ್ತು, ಶೌಚಾಲಯ, ಬಸ್ಸು, ಕಾಂಪೌಂಡು, ಬೀಗದ ಕೈ, ಕೊನೆಗೆ ನನ್ನ ಮೇಜಿಗೇ ಬರುತ್ತದೆ. ನಾನು ಸೇರಿದಾಗ ಐನೂರರ ಆಸುಪಾಸಿನಲ್ಲಿದ್ದ ಮಕ್ಕಳ ಸಂಖ್ಯೆ ಈಗ 1,200 ದಾಟಿದೆ. ಕಟ್ಟಡಕ್ಕೆ ಒಂದು ಮಹಡಿ ಏರಿದೆ, ಕಪ್ಪುಹಲಗೆಯ ಜಾಗಕ್ಕೆ ಪರದೆ ಬಂದಿದೆ, ಹಾಜರಿ ಪುಸ್ತಕದ ಜಾಗಕ್ಕೆ ಆ್ಯಪ್ ಬಂದಿದೆ. ಆದರೆ ಗೋಡೆಯೊಳಗಿನ ತಂತಿ, ನೆಲದಡಿಯ ಪೈಪು, ಮೆಟ್ಟಿಲಿನ ಅಗಲ ಬಹುಪಾಲು ಹಿಂದಿನವೇ. ಇದರ ಅರ್ಥ ನನಗೆ ಸರಿಯಾಗಿ ಮನದಟ್ಟಾಗಲು ಒಂದು ಅವಘಡ ಬೇಕಾಯಿತು.

ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಒಗ್ಗಿದ್ದ ಪೋಷಕರು, ಶಾಲೆ ಮತ್ತೆ ತೆರೆದ ಮೇಲೆ ತರಗತಿಯಲ್ಲೂ ಅಂಥದ್ದೇ ಸೌಲಭ್ಯವನ್ನು ನಿರೀಕ್ಷಿಸತೊಡಗಿದರು. ಆಡಳಿತ ಮಂಡಳಿ 28 ಕೊಠಡಿಗಳಿಗೂ ಸ್ಮಾರ್ಟ್ ಬೋರ್ಡ್ ಹಾಕಿಸಲು ತೀರ್ಮಾನಿಸಿತು. ದರಪಟ್ಟಿ ತರಿಸುವುದು, ಕಂಪನಿಗಳನ್ನು ಹೋಲಿಸುವುದು, ವಾರಂಟಿಯ ಷರತ್ತುಗಳನ್ನು ಓದುವುದು, ಇಷ್ಟರಲ್ಲೇ ನಾನು ಮೂರು ತಿಂಗಳು ಕಳೆದೆ. ಒಂದು ಬೋರ್ಡಿಗೆ ಸುಮಾರು 250 ವ್ಯಾಟ್ ಎಂದರೆ ಒಟ್ಟು ಏಳು ಕಿಲೋವ್ಯಾಟ್. ನಮಗೆ ಮಂಜೂರಾದ ಲೋಡಿನಲ್ಲಿ ಅದಕ್ಕೆ ಜಾಗವಿತ್ತು. ಲೆಕ್ಕ ಅಲ್ಲಿಗೆ ಮುಗಿಯಿತೆಂದು ನಾನು ಭಾವಿಸಿದೆ.

ಬೋರ್ಡುಗಳು ಬಂದು ಎರಡು ತಿಂಗಳಾಗಿರಬಹುದು. ನಮ್ಮ ವೈರ್‌ಮನ್ ಕಚೇರಿಯ ಬಾಗಿಲಲ್ಲಿ ನಿಂತು, "ಸಾರ್, ಮೇನ್ ಪ್ಯಾನೆಲ್‌ನಾಗೆ ನ್ಯೂಟ್ರಲ್ ಕೇಬಲ್ ಬಿಸಿ ಐತೆ, ಕೈ ಇಡಕ್ಕಾಗಲ್ಲ" ಎಂದರು. ಕರೆಂಟನ್ನು ತರುವ ತಂತಿ ಫೇಸ್, ಅದು ಮರಳುವ ತಂತಿ ನ್ಯೂಟ್ರಲ್. ಅಂದು ವಾರ್ಷಿಕೋತ್ಸವದ ಶಾಮಿಯಾನದವರು ಎದುರಿಗೆ ಕುಳಿತಿದ್ದರು. ಬೇಸಿಗೆ ರಜೆಯಲ್ಲಿ ನೋಡೋಣ ಎಂದು ಹೇಳಿ ಕಳಿಸಿದೆ. ಅವರು ಮರುಮಾತಾಡದೆ ಹೋದರು.

ರಜೆಗೆ ಇನ್ನೂ ಮೂರು ವಾರವಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೊದಲ ಮಹಡಿಯ ಕೆಲವು ಕೊಠಡಿಗಳಲ್ಲಿ ದೀಪಗಳು ಮಂಕಾದವು, ಪಕ್ಕದ ಕೊಠಡಿಗಳಲ್ಲಿ ಫ್ಯಾನುಗಳು ಎಂದೂ ಇಲ್ಲದ ವೇಗದಲ್ಲಿ ತಿರುಗತೊಡಗಿದವು. ಅರೆ ನಿಮಿಷದೊಳಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹಬ್ಬಿತು. ವೈರ್‌ಮನ್ ಓಡಿ ಹೋಗಿ ಮೇನ್ ಇಳಿಸದಿದ್ದರೆ ಏನಾಗುತ್ತಿತ್ತೋ ನೆನೆಯಲು ಈಗಲೂ ಮನಸ್ಸಾಗುವುದಿಲ್ಲ. ಆರು ಬೋರ್ಡು, ಹನ್ನೊಂದು ಫ್ಯಾನು, ಕಚೇರಿಯ ಎರಡು ಕಂಪ್ಯೂಟರು ಹೋದವು. ಮಕ್ಕಳಿಗೆ ಏನೂ ಆಗಲಿಲ್ಲ.

ಆದದ್ದು ಇಷ್ಟು. ನಮ್ಮ ಹಳೆಯ ಬ್ಲಾಕಿಗೆ ಎಳೆದಿದ್ದುದು ಮೂರೂವರೆ ಕೋರಿನ ಅಲ್ಯೂಮಿನಿಯಂ ಕೇಬಲ್. ಅದರಲ್ಲಿ ಮೂರು ಫೇಸುಗಳಿಗೆ ಪೂರ್ತಿ ಗಾತ್ರದ ತಂತಿಗಳಿದ್ದರೆ ನ್ಯೂಟ್ರಲ್‌ಗೆ ಸುಮಾರು ಅರ್ಧ ಗಾತ್ರದ್ದು. ಹಳೆಯ ಕಾಲದ ಫ್ಯಾನು, ಬಲ್ಬುಗಳಿಗೆ ಅದು ಧಾರಾಳವಾಗಿ ಸಾಕಿತ್ತು, ಏಕೆಂದರೆ ಮೂರೂ ಫೇಸುಗಳ ಮೇಲೆ ಹೊರೆ ಸಮನಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟು ಒಂದನ್ನೊಂದು ಕಳೆದುಕೊಂಡು ಬಹಳ ಕಡಿಮೆಯಾಗುತ್ತದೆ. ಎಲ್‌ಇಡಿ ದೀಪ, ಕಂಪ್ಯೂಟರು, ಪರದೆ ಮುಂತಾದ ಎಲೆಕ್ಟ್ರಾನಿಕ್ ಉಪಕರಣಗಳು ಎಳೆಯುವ ಕರೆಂಟಿನ ಸ್ವರೂಪವೇ ಬೇರೆ. ಅದರಲ್ಲಿರುವ, ಮೂರು ಪಟ್ಟು ವೇಗವಾಗಿ ಏರಿಳಿಯುವ ಮೂರನೆಯ ಹಾರ್ಮೋನಿಕ್ ಎಂಬ ಅಂಶ ಮೂರು ಫೇಸುಗಳಿಂದಲೂ ಬಂದು ನ್ಯೂಟ್ರಲ್‌ನಲ್ಲಿ ಕಳೆದುಹೋಗುವುದರ ಬದಲು ಕೂಡಿಕೊಳ್ಳುತ್ತದೆ. ಆ ಬಿಸಿಗೆ ಪ್ಯಾನೆಲ್ಲಿನಲ್ಲಿ ಕೇಬಲ್ಲಿನ ತುದಿಯನ್ನು ಬಿಗಿಯುವ ಲೋಹದ ಲಗ್ಗು ಸಡಿಲವಾಗಿ, ಕಪ್ಪಿಟ್ಟು, ಕೊನೆಗೆ ಸಂಪರ್ಕ ಕಡಿದುಕೊಂಡಿತು. ನ್ಯೂಟ್ರಲ್ ಕಟ್ಟಾದರೆ 230 ವೋಲ್ಟ್ ಇರಬೇಕಾದಲ್ಲಿ, ಹೊರೆ ಕಡಿಮೆಯಿರುವ ಫೇಸಿಗೆ 300 ವೋಲ್ಟಿಗೂ ಮೀರಿ ಹೋಗಬಹುದು. ಒಂದು ಕಡೆ ಮಂಕು, ಇನ್ನೊಂದು ಕಡೆ ಅತಿವೇಗ ಕಂಡದ್ದು ಅದಕ್ಕೇ.

ಇಷ್ಟನ್ನು ನನಗೆ ಬಿಡಿಸಿ ಹೇಳಿದ್ದು ಬೋರ್ಡು ಮಾರಿದ ಕಂಪನಿಯ ಎಂಜಿನಿಯರ್ ಅಲ್ಲ. ನಮ್ಮ ವೈರ್‌ಮನ್ನರು ಸುಟ್ಟ ಲಗ್ಗನ್ನು ಅಂಗೈಯಲ್ಲಿಟ್ಟು ತೋರಿಸಿದರು. ಅದರ ಒಂದು ಅಂಚು ಕರಗಿ ಮೇಣದ ಹನಿಯಂತಾಗಿತ್ತು. "ಹೇಳಿದ್ದೆನಲ್ಲ ಸಾರ್" ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ರಜೆಯಲ್ಲಿ ಮುಖ್ಯ ಕೇಬಲ್ಲನ್ನು ಪೂರ್ತಿ ಗಾತ್ರದ ನ್ಯೂಟ್ರಲ್ ಇರುವ ನಾಲ್ಕು ಕೋರಿನದಕ್ಕೆ ಬದಲಿಸಿದೆವು, ಅರ್ತಿಂಗ್ ಗುಂಡಿಗಳನ್ನು ಹೊಸದಾಗಿ ತೋಡಿಸಿದೆವು, ವೋಲ್ಟೇಜು ಏರಿದರೆ ತಾನೇ ಕಡಿಯುವ ರಿಲೇ ಹಾಕಿಸಿದೆವು. ಅದರ ಜೊತೆಗೆ 112 ಹಳೆಯ ಫ್ಯಾನುಗಳನ್ನು ತೆಗೆದು ಎಲೆಕ್ಟ್ರಾನಿಕ್ ನಿಯಂತ್ರಣದ ಮೋಟರಿರುವ ಬಿಎಲ್‌ಡಿಸಿ ಫ್ಯಾನು ಹಾಕಿದೆವು. ಹಳೆಯ ಫ್ಯಾನಿಗೆ 75 ವ್ಯಾಟ್ ಬೇಕಾದರೆ ಇದಕ್ಕೆ 30 ವ್ಯಾಟ್ ಸಾಕು. ಹೀಗೆ ಉಳಿದ ಐದು ಕಿಲೋವ್ಯಾಟಿನಿಂದ, ಬೋರ್ಡುಗಳು ತಂದ ಹೊರೆಯ ಬಹುಪಾಲು ಸರಿದೂಗಿತು. ಈ ಕ್ರಮವನ್ನು ಮೊದಲೇ ಅನುಸರಿಸಿದ್ದರೆ ಹಣವೂ ಉಳಿಯುತ್ತಿತ್ತು, ಅಪಾಯವೂ ತಪ್ಪುತ್ತಿತ್ತು. ಆ ಫ್ಯಾನುಗಳೂ ಎಲೆಕ್ಟ್ರಾನಿಕ್ ಉಪಕರಣಗಳೇ ಆದ್ದರಿಂದ ಹೊಸ ನ್ಯೂಟ್ರಲ್‌ನ ಕರೆಂಟನ್ನೂ ಅಳೆಯುತ್ತಿರಬೇಕೆಂದು ವೈರ್‌ಮನ್ ಎಚ್ಚರಿಸಿದರು. ಈಗ ಪ್ರತಿ ತಿಂಗಳ ಮೊದಲ ಸೋಮವಾರ, ಎಲ್ಲ ಕೊಠಡಿಗಳೂ ನಡೆಯುತ್ತಿರುವ ಹನ್ನೊಂದು ಗಂಟೆಗೇ, ಅವರು ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಾಕಿ ಮೂರು ಫೇಸು ಮತ್ತು ನ್ಯೂಟ್ರಲ್‌ನ ನಾಲ್ಕು ಅಂಕಿಗಳನ್ನು ಪುಸ್ತಕದಲ್ಲಿ ಬರೆಯುತ್ತಾರೆ, ನಾನು ಸಹಿ ಹಾಕುತ್ತೇನೆ.

ವಿದ್ಯುತ್ತಿನಲ್ಲಿ ಕಂಡ ತಪ್ಪು ಬೇರೆಡೆಯೂ ಇರಬಹುದೇ ಎಂದು ಹುಡುಕತೊಡಗಿದಾಗ, ದೂರುಗಳನ್ನು ದಾಖಲಿಸುವ ವ್ಯವಸ್ಥೆಯಲ್ಲೇ ಅದು ಸಿಕ್ಕಿತು. ಪ್ರತಿ ಕೊಠಡಿಯ ಬಾಗಿಲಿಗೂ ಕ್ಯೂಆರ್ ಕೋಡ್ ಅಂಟಿಸಿದ್ದೆವು. ಸ್ಕ್ಯಾನ್ ಮಾಡಿ ದೂರು ಬರೆದರೆ ನನ್ನ ಪರದೆಯಲ್ಲಿ ಕಾಣುತ್ತಿತ್ತು. ಶಿಕ್ಷಕರು ಅದನ್ನು ಚೆನ್ನಾಗಿ ಬಳಸಿದರು, ತಿಂಗಳ ವರದಿಯೂ ಅಚ್ಚುಕಟ್ಟಾಗಿ ಬರುತ್ತಿತ್ತು. ಶೌಚಾಲಯಗಳ ಬಗ್ಗೆ ಮಾತ್ರ ದೂರೇ ಇರಲಿಲ್ಲ, ಅದನ್ನು ಒಳ್ಳೆಯ ಲಕ್ಷಣವೆಂದೇ ನಾನು ಎಣಿಸಿದ್ದೆ. ಒಂದು ಸಂಜೆ ಎರಡನೆಯ ಮಹಡಿಯ ಆಯಮ್ಮ ಮೆಟ್ಟಿಲ ಬಳಿ ನಿಲ್ಲಿಸಿ, "ಸಾರ್, ಎಂಟ್ನೇ ಕ್ಲಾಸಿನ ಹೆಣ್ಮಕ್ಳು ಬೆಳಗ್ಗೆ ತಂದ ನೀರ್ನ ಸಂಜೆ ಹಂಗೇ ಚೆಲ್ಲಿ ಹೋಗ್ತವೆ" ಎಂದರು. ಹೋಗಿ ನೋಡಿದರೆ ಆ ಮಹಡಿಯ ಹೆಣ್ಣುಮಕ್ಕಳ ಶೌಚಾಲಯದ ನಾಲ್ಕು ಬಾಗಿಲುಗಳಲ್ಲಿ ಮೂರಕ್ಕೆ ಒಳಗಿನ ಚಿಲಕವಿರಲಿಲ್ಲ, ಪ್ಯಾಡ್ ಹಾಕುವ ಡಬ್ಬಿಗೆ ಮುಚ್ಚಳವಿರಲಿಲ್ಲ. ಅಲ್ಲಿಗೆ ಹೋಗಬಾರದೆಂದೇ ಆ ಮಕ್ಕಳು ದಿನವಿಡೀ ನೀರು ಕುಡಿಯುತ್ತಿರಲಿಲ್ಲ. ಹಾಗೆ ತಡೆದುಕೊಂಡರೆ ಮೂತ್ರದ ಸೋಂಕು ತಗುಲುವ ಸಂಭವವಿದೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯವೇ.

ಚಿಲಕಗಳು ಮರುದಿನ ಮಧ್ಯಾಹ್ನದೊಳಗೆ ಕೂತವು. ಅವಕ್ಕೆ ಆದ ಖರ್ಚು ಒಂದು ಬೋರ್ಡಿನ ಬೆಲೆಯ ನೂರನೇ ಒಂದು ಪಾಲೂ ಅಲ್ಲ. ನನ್ನನ್ನು ಕೊರೆದದ್ದು ಬೇರೆ ಸಂಗತಿ: ಆ ಆಯಮ್ಮನಿಗೆ ಎಲ್ಲವೂ ಗೊತ್ತಿತ್ತು, ಆದರೆ ನಾನು ತಂದ ವ್ಯವಸ್ಥೆಯಲ್ಲಿ ಹೇಳಲು ಅವರಿಗೆ ದಾರಿಯೇ ಇರಲಿಲ್ಲ, ಏಕೆಂದರೆ ಅದು ಇಂಗ್ಲಿಷಿನಲ್ಲಿತ್ತು ಮತ್ತು ಬೆರಳಚ್ಚು ಮಾಡಲು ಬರುವವರಿಗಾಗಿ ಇತ್ತು. ಈಗ ಆಯಮ್ಮಂದಿರು, ಮಾಲಿ, ವಾಚ್‌ಮನ್, ಬಸ್ ಚಾಲಕರು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತಾರೆ. ಕಚೇರಿಯ ಗುಮಾಸ್ತರು ಕೇಳಿ ದಾಖಲಿಸುತ್ತಾರೆ. ಆ ಕ್ಯೂಆರ್ ವ್ಯವಸ್ಥೆಗಿಂತ ಹೆಚ್ಚು ಉಪಯುಕ್ತ ದೂರುಗಳು ಇಲ್ಲಿಂದಲೇ ಬರುತ್ತಿವೆ.

ನೀರಿನ ವಿಷಯದಲ್ಲಿ ಮಾತ್ರ ಮೊದಲೇ ಕೇಳಿ ಕೆಲಸ ಮಾಡಿದೆವು. ಜಿಲ್ಲೆಯ ಅನೇಕ ಕಡೆ, ಮುಖ್ಯವಾಗಿ ಪಾವಗಡದ ಭಾಗದಲ್ಲಿ, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ. ನಮ್ಮ ಬೋರ್‌ವೆಲ್ಲಿನ ಪರೀಕ್ಷೆಯಲ್ಲಿ ಅಂಕಿ ಆ ಅಂಚಿನಲ್ಲಿದ್ದುದರಿಂದ ನೀರು ಶುದ್ಧೀಕರಿಸುವ ಆರ್‌ಓ ಘಟಕ ಅನಿವಾರ್ಯವಾಯಿತು. ಅದು ಒಂದು ಲೀಟರ್ ಕುಡಿಯುವ ನೀರು ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ನೀರನ್ನು ಹೊರಗೆ ಬಿಡುತ್ತದೆ. ಅದನ್ನು ತೋಟಕ್ಕೆ ಬಿಡೋಣವೆಂದು ನಾನು ಯೋಚಿಸಿದ್ದೆ. ಉಪ್ಪಿನಂಶದಿಂದ ಗಿಡ ಸೀದುಹೋಗುತ್ತದೆ ಎಂದು ಮಾಲಿ ತಡೆದರು. ಈಗ ಅದು ಪ್ರತ್ಯೇಕ ಸಿಂಟೆಕ್ಸ್ ಟ್ಯಾಂಕಿಗೆ ಹೋಗಿ ಶೌಚಾಲಯಗಳ ಫ್ಲಶ್‌ಗೆ ಬಳಕೆಯಾಗುತ್ತದೆ.

ಸುರಕ್ಷತೆಯ ಬಗ್ಗೆ ಬರೆಯದಿದ್ದರೆ ಈ ಬರಹ ಪ್ರಾಮಾಣಿಕವಾಗದು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ, ಅವೆಲ್ಲ ಹುಸಿಯಾದರೂ, ನಮ್ಮ ಪೋಷಕರು ಇನ್ನಷ್ಟು ಕ್ಯಾಮೆರಾ ಹಾಕಿಸಿ ಎಂದು ಒತ್ತಾಯಿಸಿದರು. ಕ್ಯಾಮೆರಾ ಹಾಕಿಸಿದೆವು. ಆದರೆ ಅದಕ್ಕೂ ಮೊದಲು ಒಂದು ತೆರವು ಅಭ್ಯಾಸ ನಡೆಸೋಣವೆಂದು ನಾನು ಹಟ ಹಿಡಿದೆ. ಗಂಟೆ ಬಾರಿಸಿ ಮಕ್ಕಳನ್ನು ಇಳಿಸತೊಡಗಿದಾಗ, ಹಿಂಬದಿಯ ಮೆಟ್ಟಿಲಿನ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ ಬಿದ್ದಿತ್ತು. ಮಕ್ಕಳು ಆ ದಾರಿಯಿಂದ ತಪ್ಪಿಸಿಕೊಂಡು ಹೋಗದಿರಲೆಂದು ಯಾರೋ ಎಂದೋ ಹಾಕಿದ್ದು ಹಾಗೆಯೇ ಉಳಿದಿತ್ತು. ಕೀಲಿ ಸಿಗಲು ಒಂಬತ್ತು ನಿಮಿಷ ಹಿಡಿಯಿತು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಗರಿಯ ಛಾವಣಿಗೆ ಬೆಂಕಿ ತಗುಲಿ 94 ಮಕ್ಕಳು ತೀರಿಕೊಂಡರು. ಆ ದುರಂತದ ಹಿನ್ನೆಲೆಯ ಪ್ರಕರಣದಲ್ಲೇ 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಅಗ್ನಿ ಸುರಕ್ಷತೆಯ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ನೀಡಿತು. ಆ ಒಂಬತ್ತು ನಿಮಿಷವೂ ನನ್ನ ತಲೆಯಲ್ಲಿ ಇದ್ದುದು ಕುಂಭಕೋಣವೇ. ಶಾಲೆ ನಡೆಯುವ ಹೊತ್ತಿನಲ್ಲಿ ಆ ಗೇಟಿಗೆ ಈಗ ಬೀಗವಿಲ್ಲ, ಅಲ್ಲಿ ಒಬ್ಬ ಆಯಮ್ಮ ಕೂರುತ್ತಾರೆ.

ಖರೀದಿಯ ಕಡತದಲ್ಲಿ ಈಗ ಮೊದಲ ಹಾಳೆ ದರಪಟ್ಟಿಯದ್ದಲ್ಲ. ಯಾವ ವಸ್ತು ಬರಲಿದೆಯೋ ಅದು ಎಲ್ಲಿಂದ ಕರೆಂಟು ಅಥವಾ ನೀರು ಪಡೆಯುತ್ತದೆ, ಯಾರು ಒರೆಸುತ್ತಾರೆ, ಕೆಟ್ಟರೆ ಯಾರು ಮೊದಲು ನೋಡುತ್ತಾರೆ ಎಂದು ಬರೆದು ವೈರ್‌ಮನ್, ಪ್ಲಂಬರ್, ಆ ಮಹಡಿಯ ಆಯಮ್ಮ ಇವರಲ್ಲಿ ಸಂಬಂಧಪಟ್ಟವರ ಸಹಿ ಪಡೆದ ಮೇಲೆಯೇ ಅದು ಆಡಳಿತ ಮಂಡಳಿಗೆ ಹೋಗುತ್ತದೆ. ಕಳೆದ ತಿಂಗಳು ಕಂಪ್ಯೂಟರ್ ಪ್ರಯೋಗಾಲಯಕ್ಕೆ ಮೂರು ಎ.ಸಿ. ಬೇಕೆಂಬ ಬೇಡಿಕೆ ಬಂತು. ವೈರ್‌ಮನ್ನರು ಆ ಹಾಳೆಯಲ್ಲಿ, ಎರಡನ್ನು ಈಗ ಹಾಕಬಹುದು, ಮೂರನೆಯದಕ್ಕೆ ಬೇರೆ ಲೈನ್ ಎಳೆಯಬೇಕು ಎಂದು ಬರೆದು ಸಹಿ ಹಾಕಿದ್ದಾರೆ. ಎರಡು ಎ.ಸಿ.ಗಳಿಗೆ ಆರ್ಡರ್ ಹೋಗಿದೆ. ಮೂರನೆಯದು ದಸರಾ ರಜೆಯವರೆಗೆ ಕಾಯುತ್ತದೆ.