ಗ್ಯಾಲ್ವೆಸ್ಟನ್‌ಗೆ ಕ್ರೂಸ್ ಹತ್ತೋಕೆ ಕಾರಲ್ಲಿ ಹೋಗ್ತಿದ್ದೀರಾ? ಹೋಟೆಲ್ ವ್ಯಾನ್ ನಂಬಬೇಡಿ

ಈ ಮಾರ್ಚ್‌ನಲ್ಲಿ ಮಕ್ಕಳ ಸ್ಪ್ರಿಂಗ್ ಬ್ರೇಕ್ ರಜೆಗೆ ನಾವು ಆರು ಜನ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ರಾತ್ರಿಯ ಕ್ರೂಸ್‌ಗೆ ಹೋಗಿ ಬಂದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ದಾವಣಗೆರೆಯಿಂದ ಬಂದಿದ್ದ ಅಪ್ಪಾಜಿ, ಅಮ್ಮ. ಹಡಗಿನೊಳಗೆ ಏನಿತ್ತು, ಏನು ತಿಂದೆವು ಅನ್ನೋದನ್ನು ಇಲ್ಲಿ ಬರೆಯೋಲ್ಲ. ಅದು ಎಲ್ಲಾ ಕಡೆ ಸಿಗುತ್ತೆ. ಹಡಗು ಹತ್ತುವ ದಿನ ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಎರಡರ ತನಕ ನಮಗೆ ಆದದ್ದು ಮಾತ್ರ ಎಲ್ಲೂ ಸಿಗಲಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮನೆ ಡಾಲಸ್ ಪಕ್ಕದ ಅರ್ವಿಂಗ್‌ನಲ್ಲಿ. ದಾರಿ ಒಂದೇ, ಐ-45. ಡಾಲಸ್‌ನಲ್ಲಿ ಶುರುವಾಗಿ ಗ್ಯಾಲ್ವೆಸ್ಟನ್ ದ್ವೀಪದಲ್ಲಿ ಮುಗಿಯುವ ರಸ್ತೆ ಅದು, ಸುಮಾರು 285 ಮೈಲಿ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಅದಕ್ಕೇ ಎಷ್ಟೋ ಜನ ಹಡಗು ಹೊರಡುವ ದಿನವೇ ಬೆಳಗಿನ ಜಾವ ನಾಲ್ಕಕ್ಕೆ ಡಾಲಸ್ ಬಿಟ್ಟು ಮಧ್ಯಾಹ್ನಕ್ಕೆ ಬಂದರು ಸೇರ್ತೀವಿ ಅಂತ ಹೊರಡುತ್ತಾರೆ. ಸೇರಬಹುದು. ಆದರೆ ಮಧ್ಯೆ ಹ್ಯೂಸ್ಟನ್ ಇದೆ. ಅಲ್ಲಿ ವೀಕೆಂಡ್ ಬಂತು ಅಂದರೆ ರಸ್ತೆ ಕೆಲಸಕ್ಕೆ ಲೇನ್‌ಗಳನ್ನೇ ಮುಚ್ಚುತ್ತಾರೆ. ಕ್ರೂಸ್‌ಗಳು ಹೆಚ್ಚು ಹೊರಡೋದೂ ವೀಕೆಂಡ್‌ನಲ್ಲೇ ಅಲ್ವಾ? ಹೊರಡುವ ಹಿಂದಿನ ರಾತ್ರಿ ಹ್ಯೂಸ್ಟನ್ ಟ್ರಾನ್‌ಸ್ಟಾರ್ ವೆಬ್‌ಸೈಟ್ ಒಂದು ಸಲ ನೋಡಿ. ಯಾವ ಲೇನ್ ಮುಚ್ಚಿದೆ, ಎಲ್ಲಿ ಅಪಘಾತ ಆಗಿದೆ, ಎಲ್ಲಾ ಅದರಲ್ಲಿ ಇರುತ್ತೆ.

ನಾವು ಆ ರಿಸ್ಕ್ ಬೇಡ ಅಂತ ಶನಿವಾರವೇ ಹೊರಟೆವು. ಅದು ಸರಿಯಾದ ನಿರ್ಧಾರ, ಈಗಲೂ ಅದನ್ನೇ ಹೇಳ್ತೀನಿ. ತಪ್ಪಿದ್ದು ರಾತ್ರಿ ಉಳಿಯಲು ಆರಿಸಿದ ಜಾಗದಲ್ಲಿ.

ಅದಕ್ಕೆ ಮೊದಲು ಆ ದಿನದ ಒಳ್ಳೆಯ ಭಾಗ ಹೇಳಿಬಿಡ್ತೀನಿ. ಹ್ಯೂಸ್ಟನ್ ದಾಟಿದ ಮೇಲೆ, ಹೆದ್ದಾರಿಯಿಂದ ಸ್ವಲ್ಪ ಪಶ್ಚಿಮಕ್ಕೆ ಒಳಗೆ ಹೋದರೆ ಪಿಯರ್‌ಲ್ಯಾಂಡ್ ಊರು. ಅಲ್ಲಿ ಮೀನಾಕ್ಷಿ ದೇವಸ್ಥಾನ ಇದೆ. ದೂರದಿಂದಲೇ ಬಿಳಿ ಗೋಪುರ ಕಾಣುತ್ತೆ. ಅಮ್ಮನಿಗೆ ಹಡಗು ಹತ್ತುವ ಮೊದಲು ದೇವರಿಗೆ ಕೈ ಮುಗಿಯಬೇಕಿತ್ತು. ನಮಗೆ ಹೊಟ್ಟೆ ಹಸಿದಿತ್ತು. ದೇವಸ್ಥಾನದ ಕ್ಯಾಂಟೀನ್ ವೀಕೆಂಡ್‌ನಲ್ಲಿ ತೆರೆದಿರುತ್ತೆ. ಇಡ್ಲಿ, ದೋಸೆ, ಪೊಂಗಲ್, ಹುಳಿಯನ್ನ, ಮೊಸರನ್ನ. ಇಷ್ಟೇ, ಇನ್ನೇನು ಬೇಕು! ಹುಳಿಯನ್ನದಲ್ಲಿ ಕಡಲೆಕಾಯಿ ಬೀಜ ಇನ್ನೂ ಗರಿಗರಿ ಇತ್ತು. ಮೊಸರನ್ನ ಹುಳಿ ಬಂದಿರಲಿಲ್ಲ, ತಣ್ಣಗಿತ್ತು, ಶುಂಠಿ ಚೂರು, ಕರಿಬೇವು, ಪಕ್ಕದಲ್ಲಿ ಒಂದಿಷ್ಟು ಉಪ್ಪಿನಕಾಯಿ. ಅಪ್ಪಾಜಿ ಬೆಳಗ್ಗೆಯಿಂದ ದಾರಿಯ ಗ್ಯಾಸ್ ಸ್ಟೇಷನ್ ಸ್ಯಾಂಡ್‌ವಿಚ್ ಮುಟ್ಟಿರಲಿಲ್ಲ. ಪೇಪರ್ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಅಗುಳೂ ಬಿಡದೆ ತಿಂದರು. ಆಮೇಲೆ, "ಇಲ್ಲೇ ಒಂದು ರೂಮ್ ಮಾಡಬೇಕಿತ್ತು ಕಣಪ್ಪ" ಅಂದರು. ಆರು ಜನ ಹೊಟ್ಟೆ ತುಂಬ ತಿಂದರೂ, ಹೆದ್ದಾರಿಯಲ್ಲಿ ಇಬ್ಬರು ಪಿಜ್ಜಾ ತಿಂದಷ್ಟು ದುಡ್ಡೂ ಆಗಲಿಲ್ಲ. ರಾತ್ರಿಗೆ ಅಂತ ಹುಳಿಯನ್ನ ಕಟ್ಟಿಸಿಕೊಂಡೆವು. ಮರುದಿನ ಅದೇ ನಮ್ಮನ್ನು ಕಾಪಾಡಿತು. ಹೋಗುವ ಮುಂಚೆ ಕ್ಯಾಂಟೀನ್ ಸಮಯ ಮಾತ್ರ ನೋಡಿಕೊಳ್ಳಿ.

ಅಪ್ಪಾಜಿ ಮಾತು ನಿಜವೇ ಆಯ್ತು. ಪಿಯರ್‌ಲ್ಯಾಂಡ್‌ನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು.

ನಾನು ಬುಕ್ ಮಾಡಿದ್ದು ಗ್ಯಾಲ್ವೆಸ್ಟನ್‌ಗೆ ಸುಮಾರು 30 ಮೈಲಿ ಮೊದಲು, ಹೆದ್ದಾರಿ ಪಕ್ಕದ ಒಂದು ಹೋಟೆಲ್. ಅವರ ಪ್ಯಾಕೇಜ್ ಹೀಗಿತ್ತು: ಒಂದು ರಾತ್ರಿ ರೂಮ್, ಏಳು ದಿನ ಕಾರು ಅಲ್ಲೇ ನಿಲ್ಲಿಸಬಹುದು, ಬೆಳಗ್ಗೆ ವ್ಯಾನ್‌ನಲ್ಲಿ ಹಡಗು ಹತ್ತುವ ಟರ್ಮಿನಲ್‌ಗೆ ಬಿಡ್ತಾರೆ, ವಾಪಸ್ ಬಂದಾಗ ಕರೆತರ್ತಾರೆ. ಬಂದರಿನ ಪಾರ್ಕಿಂಗ್ ದುಡ್ಡು ಉಳಿಯುತ್ತೆ, ದ್ವೀಪದೊಳಗೆ ಕಾರು ಓಡಿಸುವ ತಲೆನೋವು ಇಲ್ಲ ಅನ್ನಿಸಿತು. ಬೇರೆ ದಿನಗಳಲ್ಲಿ 100 ಡಾಲರ್ ಆಸುಪಾಸಿನ ರೂಮಿಗೆ ಅವತ್ತು 219 ಡಾಲರ್. ನಮಗೆ ಎರಡು ರೂಮ್ ಬೇಕಿತ್ತು. ಎಸಿ ಶಬ್ದಕ್ಕೆ ಅಮ್ಮ ನಿದ್ದೆ ಮಾಡಲಿಲ್ಲ. ಅದನ್ನೆಲ್ಲ ಸಹಿಸಬಹುದಿತ್ತು.

ಬೆಳಗ್ಗೆ ಒಂಬತ್ತೂವರೆಗೆ ಕೆಳಗೆ ಬಂದರೆ ಲಾಬಿಯಲ್ಲಿ ಕಾಲಿಡಲು ಜಾಗ ಇಲ್ಲ. ಐವತ್ತು ಜನರಾದರೂ ಇದ್ದರು. ಪ್ರತಿಯೊಬ್ಬರ ಪಕ್ಕ ದೊಡ್ಡ ಸೂಟ್‌ಕೇಸ್. ವ್ಯಾನ್ ಒಂದೇ, ಹನ್ನೆರಡು ಸೀಟು. ಕೌಂಟರ್ ಮೇಲೆ ಒಂದು ಹಾಳೆ ಇತ್ತು, ವ್ಯಾನ್ ಸಮಯಕ್ಕೆ ಹೆಸರು ಬರೆಯುವ ಹಾಳೆ. ಹಿಂದಿನ ರಾತ್ರಿಯೇ ಎಲ್ಲರೂ ಬರೆದಿದ್ದರಂತೆ. ಚೆಕ್-ಇನ್ ಮಾಡುವಾಗ ಅದರ ಬಗ್ಗೆ ನಮಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ನಮಗೆ ಸಿಕ್ಕ ಸಮಯ ಮಧ್ಯಾಹ್ನ ಒಂದೂವರೆ. ಹಡಗು ನಾಲ್ಕಕ್ಕೆ. ಒಂದೂವರೆ ವ್ಯಾನ್ ಎರಡಕ್ಕೆ ಬಂದರೆ ಗತಿ ಏನು?

ಒಂದು ಗಂಟೆ ಮ್ಯಾನೇಜರ್ ಜೊತೆ ಮಾತಾಡಿದೆ. ಅಪ್ಪಾಜಿಗೆ ಮಂಡಿ ನೋವು, ವೀಲ್‌ಚೇರ್ ಬೇಕು, ಇನ್ನೊಂದು ಗಾಡಿ ಕರೆಸಿ ಅಂದೆ. "ನೋಡ್ತೀವಿ" ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ. ಆ ಹೊತ್ತಿಗೆ ಅಪ್ಪಾಜಿ ಹೊರಗೆ ಪೋರ್ಟಿಕೋದಲ್ಲಿ ಸೂಟ್‌ಕೇಸ್ ಮೇಲೆ ಕೂತಿದ್ದರು. ಪಾಸ್‌ಪೋರ್ಟ್‌ಗಳ ಚೀಲವನ್ನು ಎದೆಗೆ ಒತ್ತಿಕೊಂಡು, ಹೋಗುವ ಬರುವ ವ್ಯಾನನ್ನೇ ನೋಡುತ್ತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ದೂರದಿಂದ ಬಂದವರನ್ನು ಹೀಗೆ ಕೂರಿಸಿದೆನಲ್ಲ ಅಂತ. ಹೆಂಡತಿ ಬಂದು, "ಸುಮ್ನೆ ಕಾಯೋದು ಬೇಡ, ನಮ್ಮ ಕಾರಲ್ಲೇ ಹೋಗೋಣ ನಡೀರಿ" ಅಂದಳು. ಹನ್ನೊಂದು ಇಪ್ಪತ್ತಕ್ಕೆ ಹೊರಟೆವು.

ಮ್ಯಾಪ್ 35 ನಿಮಿಷ ತೋರಿಸಿತು. ಹಿಡಿದದ್ದು ಒಂದು ಗಂಟೆ ಹದಿನೈದು ನಿಮಿಷ.

ಯಾಕೆ ಅಂದರೆ, ಹ್ಯೂಸ್ಟನ್ ಕಡೆಯಿಂದ ದ್ವೀಪಕ್ಕೆ ಹೋಗಲು ಇರೋದು ನೀರಿನ ಮೇಲೆ ಹೋಗುವ ಕಾಸ್‌ವೇ ಅನ್ನುವ ಸೇತುವೆ ಒಂದೇ. ಕ್ರೂಸ್‌ಗೆ ಹೋಗುವವರೂ ಅದೇ, ಬೀಚ್‌ಗೆ ಹೋಗುವವರೂ ಅದೇ. ಸ್ಪ್ರಿಂಗ್ ಬ್ರೇಕ್‌ನಲ್ಲಿ ಇಡೀ ಹ್ಯೂಸ್ಟನ್ ಬೀಚ್‌ಗೆ ಬಂದಿರುತ್ತೆ. ಅದೇ ದಿನ ಬೆಳಗ್ಗೆ ಹಡಗಿಂದ ಇಳಿದವರ ಕಾರುಗಳೂ ಬಂದರಿನ ರಸ್ತೆಯಲ್ಲೇ ಹೊರಗೆ ಬರ್ತಿರುತ್ತವೆ. ಸೇತುವೆಯ ಮೇಲೆ ಕಾರುಗಳ ಒಂದು ಸಣ್ಣ ಡಿಕ್ಕಿ ಆದರೂ ಮುಗೀತು. ಅವತ್ತು ಆಗಿತ್ತು. ಅಮ್ಮ ಹಿಂದಿನ ಸೀಟಿನಲ್ಲಿ ಹುಳಿಯನ್ನದ ಡಬ್ಬಿ ಬಿಚ್ಚಿ ಮಕ್ಕಳಿಗೆ ಕೈತುತ್ತು ಹಾಕಿದರು.

ಸೇತುವೆ ದಾಟಿದ ಮೇಲೆ ಎಲ್ಲರೂ 1ಸಿ ಎಕ್ಸಿಟ್ ತಗೊಂಡು ಹಾರ್ಬರ್‌ಸೈಡ್ ಡ್ರೈವ್‌ಗೆ ಇಳೀತಾರೆ. ಬೋರ್ಡ್ ಹೇಳೋದೂ ಅದನ್ನೇ, ಮ್ಯಾಪ್ ಹೇಳೋದೂ ಅದನ್ನೇ. ಸಾಲು ಅಲ್ಲೇ ಬೆಳೆಯುತ್ತೆ. ಆ ಸಾಲು ಉದ್ದ ಕಂಡರೆ ಇಳಿಯಬೇಡಿ. ನೇರ ಹೋಗಿ. ಐ-45 ಮುಗಿದು ಬ್ರಾಡ್‌ವೇ ಆಗುತ್ತೆ. ಅಲ್ಲಿಂದ ನಿಮ್ಮ ಟರ್ಮಿನಲ್ ಹತ್ತಿರದ ಬೀದಿಗೆ ಎಡಕ್ಕೆ ತಿರುಗಿ. ಗ್ಯಾಲ್ವೆಸ್ಟನ್‌ನಲ್ಲಿ ಪಿಯರ್ (ಹಡಗು ನಿಲ್ಲುವ ಕಟ್ಟೆ) ನಂಬರ್‌ಗೂ ಎದುರಿನ ಬೀದಿ ನಂಬರ್‌ಗೂ ಹೆಚ್ಚುಕಡಿಮೆ ಹೊಂದುತ್ತೆ. ಟರ್ಮಿನಲ್ 25 ಇರೋದು 25ನೇ ಬೀದಿಯ ತುದಿಯಲ್ಲಿ. ಇದು ಗೊತ್ತಿದ್ದರೆ ಮ್ಯಾಪ್ ಇಲ್ಲದೆಯೂ ಹೋಗಬಹುದು. ಪೊಲೀಸರು ನಿಂತು ಬೇರೆ ಕಡೆ ತಿರುಗಿಸಿದರೆ ಅವರು ಹೇಳಿದ ಹಾಗೇ ಹೋಗಿ.

ಟರ್ಮಿನಲ್ ನಂಬರ್ ಮಾತು ಬಂತು, ಇದನ್ನು ಗಮನವಿಟ್ಟು ಓದಿ. ಈಗ ನಾಲ್ಕು ಟರ್ಮಿನಲ್ ಇವೆ: 10, 16, 25, 28. 25 ಮತ್ತು 28 ಅಕ್ಕಪಕ್ಕ. 10 ಅಲ್ಲಿಂದ ಪೂರ್ವಕ್ಕೆ ಒಂದು ಮೈಲಿ ದೂರ. ಅದು ಶುರುವಾದದ್ದು 2022ರ ನವೆಂಬರ್‌ನಲ್ಲಿ. ಮೊದಲು ಹೋಗಿಬಂದ ಗೆಳೆಯರು ಎರಡೇ ಟರ್ಮಿನಲ್ ಇದ್ದ ಕಾಲದ ದಾರಿ ಹೇಳ್ತಾರೆ, ನಂಬಬೇಡಿ. ಮ್ಯಾಪ್‌ನಲ್ಲಿ ಬರೀ "ಗ್ಯಾಲ್ವೆಸ್ಟನ್ ಕ್ರೂಸ್ ಟರ್ಮಿನಲ್" ಅಂತಲೂ ಹಾಕಬೇಡಿ. ಬೋರ್ಡಿಂಗ್ ಪಾಸ್‌ನಲ್ಲಿರುವ ವಿಳಾಸವನ್ನೇ ಹಾಕಿ.

ಮೊದಲು ಟರ್ಮಿನಲ್ ಮುಂದೆ ಎಲ್ಲರನ್ನೂ, ಸಾಮಾನನ್ನೂ ಇಳಿಸಿ. ಆಮೇಲೆ ಕಾರು ನಿಲ್ಲಿಸೋಕೆ ಒಬ್ಬರೇ ಹೋಗಿ. ಇದರಲ್ಲಿ ರಾಜಿ ಬೇಡ. ಇಳಿಸುವ ಜಾಗದಲ್ಲೇ ಪೋರ್ಟರ್‌ಗಳು ಇರ್ತಾರೆ, ದೊಡ್ಡ ಸೂಟ್‌ಕೇಸ್ ತಗೊಂಡು ಹೋಗ್ತಾರೆ, ಕೈಗೆ ಸ್ವಲ್ಪ ಟಿಪ್ ಕೊಡಿ. ಸೂಟ್‌ಕೇಸ್‌ಗೆ ಟ್ಯಾಗ್ ಮನೆಯಲ್ಲೇ ಪ್ರಿಂಟ್ ಮಾಡಿ ಸ್ಟೇಪ್ಲರ್ ಹೊಡೆದು ಬನ್ನಿ. ಆ ಸೂಟ್‌ಕೇಸ್ ರೂಮಿಗೆ ಬರೋದು ಸಂಜೆ ಆಗಬಹುದು. ಬಿಪಿ, ಶುಗರ್ ಮಾತ್ರೆ, ಪಾಸ್‌ಪೋರ್ಟ್, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ವೀಲ್‌ಚೇರ್ ಬೇಕಾದರೆ ಕ್ರೂಸ್ ಕಂಪನಿಗೆ ಮೊದಲೇ ತಿಳಿಸಿ. ನಾವು ತಿಳಿಸಿದ್ದೆವು. ಒಬ್ಬ ಹುಡುಗ ಬಂದು ಅಪ್ಪಾಜಿಯನ್ನು ಕೂರಿಸಿಕೊಂಡು ಹಡಗಿನೊಳಗಿನ ತನಕ ತಳ್ಳಿಕೊಂಡು ಹೋದ. ಅವತ್ತಿನ ದಿನ ನಮಗೆ ಸರಿಯಾಗಿ ನಡೆದ ಮೊದಲ ಕೆಲಸ ಅದು.

ನನ್ನ ಪಾಡು ಬೇರೆ. ಬಂದರಿನ ಪಾರ್ಕಿಂಗ್‌ನಲ್ಲಿ ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಜಾಗ ಉಳಿದಿತ್ತು. ಖಾಸಗಿ ಜಾಗಗಳಲ್ಲಿ ಎರಡು ಕಡೆ "ಫುಲ್" ಬೋರ್ಡ್. ಮೂರನೆಯದರಲ್ಲಿ ಹೋಟೆಲ್‌ನಲ್ಲಿ ಉಳಿಸಲು ಹೊರಟ ದುಡ್ಡಿಗಿಂತ ಜಾಸ್ತಿ ಕೊಟ್ಟು ನಿಲ್ಲಿಸಿದೆ. ಶಟಲ್‌ಗೆ ಕಾಯಲು ಧೈರ್ಯ ಬರಲಿಲ್ಲ. ಬಿಸಿಲಲ್ಲಿ ಅರ್ಧ ಓಡಿಕೊಂಡೇ ಟರ್ಮಿನಲ್ ಸೇರಿದಾಗ ಎರಡು ಹತ್ತು. ಒಂದು ವಿಷಯ ತಿಳಿದಿರಲಿ: ನಾಲ್ಕಕ್ಕೆ ಹಡಗು ಅಂದರೆ ನಾಲ್ಕರ ತನಕ ಹತ್ತಬಹುದು ಅಂತ ಅಲ್ಲ. ಪ್ರಯಾಣಿಕರ ಕೊನೆಯ ಪಟ್ಟಿ ಹಡಗು ಹೊರಡುವ ಒಂದು ಗಂಟೆ ಮೊದಲೇ ಅಮೆರಿಕದ ಗಡಿ ಅಧಿಕಾರಿಗಳಿಗೆ ಹೋಗಬೇಕು. ಅದಕ್ಕೇ ಬಾಗಿಲು ಇನ್ನೂ ಮೊದಲೇ ಹಾಕ್ತಾರೆ.

ನಾನು ಮತ್ತೆ ಹೋದರೆ ಮಾಡೋದು ಇಷ್ಟು. ಟಿಕೆಟ್ ಬುಕ್ ಮಾಡಿದ ದಿನವೇ ಬಂದರಿನ ಪಾರ್ಕಿಂಗ್ ಬುಕ್ ಮಾಡ್ತೀನಿ, ದುಡ್ಡು ಜಾಸ್ತಿ ಆದರೂ ಸರಿ. ಹಿಂದಿನ ರಾತ್ರಿ ಪಿಯರ್‌ಲ್ಯಾಂಡ್‌ನಲ್ಲಿ ಉಳೀತೀನಿ. ಬೆಳಗ್ಗೆ ಹತ್ತರೊಳಗೆ ಸೇತುವೆ ದಾಟ್ತೀನಿ. ಬೋರ್ಡಿಂಗ್ ಸಮಯಕ್ಕಿಂತ ಮುಂಚೆ ಟರ್ಮಿನಲ್‌ಗೆ ಹೋದರೆ ಹೊರಗೆ ನಿಲ್ಲಿಸ್ತಾರೆ. ಅದಕ್ಕೆ ಆ ಒಂದೆರಡು ಗಂಟೆ ಸೀವಾಲ್ ರಸ್ತೆಯಲ್ಲಿ ಸಮುದ್ರ ನೋಡಿಕೊಂಡು ಕೂರಬಹುದು. 1900ರ ಚಂಡಮಾರುತದಲ್ಲಿ ಊರೇ ಕೊಚ್ಚಿ ಹೋಗಿ ಸಾವಿರಾರು ಜನ ಸತ್ತ ಮೇಲೆ ಕಟ್ಟಿದ ತಡೆಗೋಡೆ ಅದು. ನಮಗೆ ನೋಡಲು ಆಗಲೇ ಇಲ್ಲ.

ಜನವರಿಯಿಂದ ಮಾರ್ಚ್ ತನಕ ಹೋಗುವವರಿಗೆ ಮಂಜಿನ ಕಾಟವೂ ಉಂಟು. ತಣ್ಣಗಿನ ನೀರಿನ ಮೇಲೆ ಬೆಚ್ಚಗಿನ ಗಾಳಿ ಬಂದು ಸಮುದ್ರದ ಮೇಲೆ ದಟ್ಟ ಮಂಜು ಕವಿಯುತ್ತೆ. ಆಗ ಹಡಗುಗಳನ್ನು ಒಳಗೆ ಬಿಡೋಲ್ಲ, ಹತ್ತುವ ಸಮಯ ಗಂಟೆಗಟ್ಟಲೆ ಮುಂದೆ ಹೋಗುತ್ತೆ. ಕ್ರೂಸ್ ಕಂಪನಿಗೆ ಕೊಟ್ಟ ಮೊಬೈಲ್ ನಂಬರ್ ಸರಿ ಇದೆಯಾ ನೋಡಿಕೊಳ್ಳಿ, ಮೆಸೇಜ್ ಅದಕ್ಕೇ ಬರುತ್ತೆ.

ನಮ್ಮವರಿಗೆ ಇನ್ನೆರಡು ಮಾತು. ಎಲೆಕ್ಟ್ರಿಕ್ ರೈಸ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಹಡಗಿನೊಳಗೆ ಬಿಡೋಲ್ಲ, ತೆಗೆದಿಟ್ಟುಕೊಳ್ತಾರೆ. ಮನೆಯಲ್ಲಿ ಮಾಡಿದ ತಿಂಡಿಯನ್ನೂ ತಡೀತಾರೆ, ಅಂಗಡಿಯ ಸೀಲ್ ಇರುವ ಪ್ಯಾಕೆಟ್ ಆದರೆ ತೊಂದರೆ ಇಲ್ಲ. ಅಮ್ಮನ ಚಕ್ಕುಲಿ ಡಬ್ಬಿ ಕಾರಿನಲ್ಲೇ ಉಳಿಯಿತು. ಊರಿಂದ ಬಂದ ಹಿರಿಯರ ವೀಸಾ ಹಲವು ಸಲ ಬಂದುಹೋಗುವ ವೀಸಾ ಆಗಿರಬೇಕು, ಒರಿಜಿನಲ್ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಎಚ್-1ಬಿ ಕೆಲಸದ ವೀಸಾದಲ್ಲಿ ಇದ್ದು ಪಾಸ್‌ಪೋರ್ಟ್‌ನ ವೀಸಾ ಸ್ಟ್ಯಾಂಪ್ ಮುಗಿದಿದ್ದರೆ, ದುಡ್ಡು ಕಟ್ಟುವ ಮೊದಲೇ ವಕೀಲರನ್ನು ಕೇಳಿ. ಹಡಗು ಮೆಕ್ಸಿಕೋ ಬಿಟ್ಟು ಹೊಂಡುರಾಸ್, ಜಮೈಕಾ ಕಡೆ ಹೋಗುವುದಾದರೆ ವಾಪಸ್ ಬರುವಾಗ ಅದು ದೊಡ್ಡ ತೊಂದರೆ ಆಗಬಹುದು.

ವಾಪಸ್ ಬಂದಿದ್ದು ಮುಂದಿನ ಭಾನುವಾರ. ಸೂಟ್‌ಕೇಸ್ ನಾವೇ ಎಳೆದುಕೊಂಡು ಬೇಗ ಇಳಿದೆವು, ಒಂಬತ್ತಕ್ಕೆ ಸೇತುವೆ ದಾಟಿದ್ದೆವು. ಎದುರಿನ ಲೇನ್‌ನಲ್ಲಿ ಆಗಲೇ ಕಾರುಗಳು ಸಾಲುಗಟ್ಟಿದ್ದವು. ಅಪ್ಪಾಜಿ ಕಿಟಕಿಯಿಂದ ನೋಡುತ್ತಾ, "ಇವರು ಬೇಗ ಬಂದವ್ರೆ, ಪರವಾಗಿಲ್ಲ" ಅಂದರು. ಆಮೇಲೆ ಪಿಯರ್‌ಲ್ಯಾಂಡ್ ಎಷ್ಟು ದೂರ ಅಂತ ಕೇಳಿದರು. ಕ್ಯಾಂಟೀನ್ ತೆರೆಯುವ ತನಕ ದೇವಸ್ಥಾನದ ಅಂಗಳದಲ್ಲಿ ಕೂತೆವು. ಅವರು ಎರಡು ಪ್ಲೇಟ್ ಮೊಸರನ್ನ ತಿಂದರು.